ಅಮ್ಮನ ಅಯೋಡಿನ್ ಸ್ಕ್ಯಾನ್‌ನಲ್ಲಿ ಕಂಡ ಎರಡು ಚುಕ್ಕೆಗಳು: ಒಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸೇವೆಯ ಕುರಿತು

ಬೆಂಗಳೂರು ದಕ್ಷಿಣದ ಒಂದು ಖಾಸಗಿ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಮ್ಮ ಅಮ್ಮನಿಗೆ ಥೈರಾಯ್ಡ್ ಕ್ಯಾನ್ಸರಿನ ರೇಡಿಯೋ ಅಯೋಡಿನ್ ಚಿಕಿತ್ಸೆಯೂ ಅದಾದ ಮೇಲೆ ಇಡೀ ದೇಹದ ಸ್ಕ್ಯಾನೂ ಆದವು. ಆ ಸೇವೆ ನಮಗೆ ಹೇಗೆ ದೊರೆಯಿತು, ಎಲ್ಲಿ ಅದು ನಮ್ಮನ್ನು ಕಾಪಾಡಿತು, ಎಲ್ಲಿ ಅನಾವಶ್ಯಕವಾಗಿ ನೋಯಿಸಿತು ಎಂಬುದನ್ನು ಇದೇ ಚಿಕಿತ್ಸೆಗೆ ಹೊರಟಿರುವ ಮನೆಗಳವರಿಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಬೇಕಾದದ್ದು ಆ ಒಂದು ಕಟ್ಟಡಕ್ಕೆ ಮಾತ್ರ ಸೇರಿದ್ದಲ್ಲ, ಊರಿನ ಯಾವ ಆಸ್ಪತ್ರೆಗೆ ಹೋದರೂ ಕೇಳಿ ತಿಳಿದುಕೊಳ್ಳಬೇಕಾದ ವಿಷಯ ಎನ್ನುವುದು ಅದಕ್ಕೆ ಕಾರಣ.

ಅಮ್ಮನಿಗೆ 61 ವರ್ಷ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕುತ್ತಿಗೆಯಲ್ಲಿ ಕಂಡ ಗಂಟು ಪ್ಯಾಪಿಲರಿ ಕಾರ್ಸಿನೋಮ ಎಂದು ಗೊತ್ತಾಗಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಆಮೇಲೆ ಉಳಿದಿರಬಹುದಾದ ಥೈರಾಯ್ಡ್ ಕೋಶಗಳನ್ನು ಸುಡಲು ವಿಕಿರಣಶೀಲ ಅಯೋಡಿನ್ 131 ಕೊಡುವುದೆಂದು ನಿಶ್ಚಯವಾಯಿತು. ಈ ಚಿಕಿತ್ಸೆಯ ತಳಹದಿ ಸರಳವಾದದ್ದು. ಥೈರಾಯ್ಡ್ ಜೀವಕೋಶಗಳು ರಕ್ತದಲ್ಲಿರುವ ಅಯೋಡಿನ್ನನ್ನು ಹಸಿದವರಂತೆ ಎಳೆದುಕೊಳ್ಳುತ್ತವೆ. ಆ ಅಯೋಡಿನ್ನೇ ವಿಕಿರಣ ಸೂಸುವಂಥದ್ದಾದರೆ ಅದರ ಬೀಟಾ ಕಣಗಳು ಒಳಗಿನಿಂದಲೇ ಆ ಕೋಶಗಳನ್ನು ಕೊಲ್ಲುತ್ತವೆ, ಗಾಮಾ ಕಿರಣಗಳು ದೇಹದಿಂದ ಹೊರಬಿದ್ದು ಅವು ಎಲ್ಲೆಲ್ಲಿವೆ ಎಂಬುದನ್ನು ಕ್ಯಾಮೆರಾಕ್ಕೆ ತೋರಿಸಿಕೊಡುತ್ತವೆ. ಒಂದೇ ಗುಳಿಗೆ ಮದ್ದೂ ಹೌದು, ದೀಪವೂ ಹೌದು. ಆದರೆ ಆ ದೀಪ ಥೈರಾಯ್ಡ್ ಇದ್ದಲ್ಲಿ ಮಾತ್ರ ಬೆಳಗುತ್ತದೆ ಎಂದುಕೊಂಡದ್ದು ನಮ್ಮ ಮೊದಲ ತಪ್ಪು.

ಸಿದ್ಧತೆಯ ನಾಲ್ಕು ವಾರಗಳ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ವಿಭಾಗದ ಮೊದಲ ಕೊರತೆ ಕಂಡದ್ದು ಅಲ್ಲಿ. ಥೈರಾಯ್ಡ್ ಮಾತ್ರೆ ನಿಲ್ಲಿಸಿ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ 30ಕ್ಕಿಂತ ಮೇಲೇರುವಂತೆ ಮಾಡಬೇಕು, ಜೊತೆಗೆ ಎರಡು ವಾರ ಅಯೋಡಿನ್ ಕಡಿಮೆ ಇರುವ ಊಟ ಮಾಡಬೇಕು. ಈ ಊಟದ ಬಗ್ಗೆ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು ಮತ್ತು ಅದನ್ನು ಯಾವುದೋ ಹೊರದೇಶದ ಅಡುಗೆಮನೆಗೆಂದು ಬರೆದಂತಿತ್ತು. ಸಮುದ್ರದ ಪಾಚಿ ತಿನ್ನಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಹೇಳಿತ್ತು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಸಾರಿನ ಪುಡಿ, ಹೋಟೆಲಿನ ಇಡ್ಲಿ ಇವುಗಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನಮ್ಮ ದೇಶದಲ್ಲಿ ಅಯೋಡಿನ್ ಸೇರಿಸದ ಉಪ್ಪನ್ನು ನೇರ ಊಟದ ಬಳಕೆಗೆ ಮಾರುವುದಕ್ಕೆ 2006ರಿಂದ ನಿಷೇಧವಿದೆ. ಅದರಿಂದ ಜನರ ಆರೋಗ್ಯಕ್ಕೆ ಆಗಿರುವ ಉಪಕಾರ ದೊಡ್ಡದು. ಆದರೆ ಈ ಎರಡು ವಾರಗಳ ಮಟ್ಟಿಗೆ ಅದೇ ಉಪ್ಪು ರೋಗಿಗೆ ಅಡ್ಡಿ. ಗಾಂಧಿ ಬಜಾರಿನ ನಾಲ್ಕು ಅಂಗಡಿ ಅಲೆದು, ಸೈಂಧವ ಲವಣದ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿ, ಅಯೋಡಿನ್ ಸೇರಿಸಿಲ್ಲ ಎಂದು ಬರೆದಿದ್ದ ಒಂದನ್ನು ತಂದು, ಡಾಕ್ಟರರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಬಳಸಿದೆವು. ಹಾಲು, ಮೊಸರು, ಮೊಟ್ಟೆಯ ಹಳದಿ ಭಾಗ ಎಲ್ಲವೂ ಬಂದ್. ಮಜ್ಜಿಗೆಯನ್ನ ಉಣ್ಣದೆ ಅಮ್ಮ ಕೈ ತೊಳೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊನೆಗೆ ಬೇಳೆ ಕಟ್ಟಿನ ಸಾರು, ಸೋರೆಕಾಯಿ ಪಲ್ಯ, ಮನೆಯಲ್ಲೇ ಕುಟ್ಟಿದ ಮೆಣಸಿನ ಪುಡಿ ಇಷ್ಟರಲ್ಲಿ ಎರಡು ವಾರ ಕಳೆದೆವು. ಕನ್ನಡದಲ್ಲಿ ಒಂದು ಪುಟ, ನಮ್ಮ ಊಟದ ಹೆಸರುಗಳನ್ನು ಹಾಕಿ ಬರೆದು ಕೊಡುವುದು ಆ ವಿಭಾಗಕ್ಕೆ ಒಂದು ಮಧ್ಯಾಹ್ನದ ಕೆಲಸ.

ದಾಖಲಾದ ದಿನದಿಂದ ಬಿಡುಗಡೆಯವರೆಗಿನ ಸೇವೆಯಲ್ಲಿ ಹುಡುಕಿದರೂ ದೂರು ಸಿಗದು. ಅಯೋಡಿನ್ 131ರ ಅರ್ಧಾಯುಷ್ಯ ಸುಮಾರು 8 ದಿನ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ತಯಾರಾಗಿ ಪರಮಾಣು ಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆಯ ಮೂಲಕ ದೇಶದ ಆಸ್ಪತ್ರೆಗಳಿಗೆ ಬರುವ ಈ ವಸ್ತು ಕಪಾಟಿನಲ್ಲಿ ಕಾದು ಕುಳಿತುಕೊಳ್ಳುವುದಿಲ್ಲ, ಆದ್ದರಿಂದ ಕೊಟ್ಟ ದಿನಾಂಕವನ್ನು ತಪ್ಪಿಸಬೇಡಿ ಎಂದು ಮೊದಲೇ ಬಿಡಿಸಿ ಹೇಳಿದ್ದರು. ಸೋಮವಾರ ಬೆಳಿಗ್ಗೆ ಸೀಸದ ಡಬ್ಬಿಯಿಂದ 100 ಮಿಲಿಕ್ಯೂರಿಯ ಗುಳಿಗೆ ಕೊಟ್ಟರು. ಪ್ರತ್ಯೇಕ ಕೋಣೆ, ಸೀಸ ಹಾಕಿದ ಬಾಗಿಲು, ನೀರು ನೇರವಾಗಿ ಚರಂಡಿಗೆ ಹೋಗದೆ ತೊಟ್ಟಿಯಲ್ಲಿ ನಿಂತು ವಿಕಿರಣ ಇಳಿದ ಮೇಲೆ ಹೊರಬೀಳುವ ಶೌಚಾಲಯ. ಮಾತಾಡಲು ಗೋಡೆಯಲ್ಲೊಂದು ಫೋನ್. ನರ್ಸ್ ಒಬ್ಬರು ದಿನಕ್ಕೆ ನಾಲ್ಕೈದು ಬಾರಿ ಅಮ್ಮನನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದರು, ನೀರು ಕುಡಿದಿರಾ ಎಂದು ಕೇಳುತ್ತಿದ್ದರು. ಬುಧವಾರ ಮೀಟರ್ ಹಿಡಿದು ಅಳೆದು, ವಿಕಿರಣ ಮಿತಿಗಿಂತ ಕೆಳಗಿಳಿದಿದೆ ಎಂದು ಖಚಿತವಾದ ಮೇಲೆ ಮನೆಗೆ ಕಳಿಸಿದರು. ಅಕ್ಕನ ಎರಡು ವರ್ಷದ ಮಗುವನ್ನು ಆ ವಾರ ಅಮ್ಮನಿಂದ ದೂರ, ವಿಜಯನಗರದ ಮನೆಯಲ್ಲೇ ಇರಿಸಿದೆವು. ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡರೆ ತೋರಿಸಲು ಒಂದು ಪತ್ರವನ್ನೂ ಕೇಳದೆಯೇ ಕೊಟ್ಟಿದ್ದರು.

ಗುಳಿಗೆ ಕೊಟ್ಟು ಐದು ದಿನವಾದ ಮೇಲೆ, ಶನಿವಾರ, ಸ್ಕ್ಯಾನ್.

ಯಂತ್ರದ ಮೇಲೆ ಮಲಗಿಸುವ ಮೊದಲು ತಂತ್ರಜ್ಞ ಅಮ್ಮನಿಗೆ ಒಂದು ಲೋಟ ನೀರು ಕುಡಿಸಿದರು. ಜೊಲ್ಲಿನಲ್ಲಿ ಅಯೋಡಿನ್ ಇರುತ್ತದೆ, ಅದು ಅನ್ನನಾಳದಲ್ಲಿ ನಿಂತಿದ್ದರೆ ಎದೆಯ ನಡುವೆ ಒಂದು ಗೆರೆಯಂತೆ ಕಂಡು ಗಾಬರಿ ಹುಟ್ಟಿಸುತ್ತದೆ, ನೀರು ಕುಡಿದರೆ ಇಳಿದುಹೋಗುತ್ತದೆ ಎಂದು ವಿವರಿಸಿದರು. ನಾನು ಗಾಜಿನ ಆಚೆ ನಿಂತಿದ್ದೆ. ಪರದೆಯ ಮೇಲೆ ಅಮ್ಮ ಮುಂಬದಿಯಿಂದ ಒಮ್ಮೆ, ಹಿಂಬದಿಯಿಂದ ಒಮ್ಮೆ, ಕಪ್ಪು ಚುಕ್ಕೆಗಳಲ್ಲಿ ಮೂಡುತ್ತಾ ಬಂದರು. ಮೂಗು, ಕೆನ್ನೆಯ ಎರಡು ಬದಿ, ಹೊಟ್ಟೆ, ಕರುಳು, ಮೂತ್ರಕೋಶ ಎಲ್ಲವೂ ಕಪ್ಪಾಗಿದ್ದವು. ಅಯೋಡಿನ್ನನ್ನು ಕೋಶದೊಳಗೆ ಎಳೆದುಕೊಳ್ಳುವ ಪ್ರೋಟೀನ್ ಥೈರಾಯ್ಡಿನಲ್ಲಿ ಮಾತ್ರವಲ್ಲ, ಜೊಲ್ಲಿನ ಗ್ರಂಥಿಗಳಲ್ಲಿಯೂ ಜಠರದ ಒಳಪದರದಲ್ಲಿಯೂ ಹಾಲೂಡುವ ತಾಯಿಯ ಎದೆಯಲ್ಲಿಯೂ ಇರುತ್ತದೆಯಂತೆ. ಮೂತ್ರದಲ್ಲಂತೂ ಅದು ಹೊರಗೆ ಹೋಗಲೇಬೇಕು. ಕುತ್ತಿಗೆಯಲ್ಲಿ ಆರು ಮೂಲೆಯ ಒಂದು ನಕ್ಷತ್ರ ಹೊಳೆಯುತ್ತಿತ್ತು. ಗ್ರಂಥಿ ತೆಗೆದ ಜಾಗದಲ್ಲಿ ಉಳಿದಿದ್ದ ಸ್ವಲ್ಪ ಅಂಗಾಂಶ ಅಯೋಡಿನ್ನನ್ನು ಬಲವಾಗಿ ಹೀರಿಕೊಂಡಿತ್ತು, ಕ್ಯಾಮೆರಾದ ಸೀಸದ ಜಾಲರಿಯ ಆರು ಮೂಲೆಯ ತೂತುಗಳ ಗೋಡೆಗಳನ್ನು ಆ ಕಿರಣಗಳು ದಾಟಿಬಂದು ನಕ್ಷತ್ರದ ಆಕಾರ ತಾಳಿದ್ದವು. ಅದು ನಿರೀಕ್ಷಿಸಿದ್ದೇ.

ನಿರೀಕ್ಷಿಸದೆ ಕಂಡವು ಎರಡು ಚುಕ್ಕೆಗಳು: ಎಡ ಸೊಂಟದ ಬಳಿ ಒಂದು, ಬಲ ಎದೆಯ ಮೇಲ್ಭಾಗದಲ್ಲಿ ಒಂದು.

ಸೊಂಟದ ಚುಕ್ಕೆ ನೋಡಿದೊಡನೆ ತಂತ್ರಜ್ಞ ಯಂತ್ರವನ್ನು ನಿಲ್ಲಿಸಿ ಒಳಗೆ ಹೋದರು. ಮುಂಬದಿಯ ಚಿತ್ರದಲ್ಲಿ ಅದು ಗಾಢವಾಗಿಯೂ ಹಿಂಬದಿಯಲ್ಲಿ ತೀರಾ ಮಸುಕಾಗಿಯೂ ಇತ್ತು, ಅಂದರೆ ದೇಹದ ಒಳಗಿನದಲ್ಲ, ಮೇಲಿನದು ಎಂಬ ಅನುಮಾನ ಅವರಿಗೆ. ಅಮ್ಮನ ಸೊಂಟದಲ್ಲಿ, ಸೀರೆಯ ನೆರಿಗೆಯ ಪಕ್ಕ, ನಾಲ್ಕು ಮಡಿಕೆಯ ಕರವಸ್ತ್ರವಿತ್ತು. ಗುಳಿಗೆಯ ನಂತರ ಜೊಲ್ಲಿನ ಗ್ರಂಥಿ ಊದಿ ಬಾಯಿ ಅಂಟಂಟಾಗಿ, ಅವರು ದಿನವಿಡೀ ತುಟಿ ಒರೆಸಿಕೊಳ್ಳುತ್ತಿದ್ದರು. ಕರವಸ್ತ್ರವನ್ನು ತೆಗೆಸಿ, ಕೈ ಮತ್ತು ಮುಖ ತೊಳೆಸಿ, ಆಸ್ಪತ್ರೆಯ ಬಟ್ಟೆ ತೊಡಿಸಿ ಅಷ್ಟು ಭಾಗದ ಚಿತ್ರವನ್ನು ಮತ್ತೆ ತೆಗೆದಾಗ ಸೊಂಟದ ಚುಕ್ಕೆ ಇರಲಿಲ್ಲ. ಆ ಹತ್ತು ನಿಮಿಷದ ಶ್ರದ್ಧೆಯನ್ನು ಅವರು ತೋರದೆ ಹೋಗಿದ್ದರೆ, ಸೊಂಟದ ಮೂಳೆಗೆ ಕ್ಯಾನ್ಸರ್ ಹಬ್ಬಿದೆ ಎಂಬ ಅನುಮಾನವೂ ವರದಿಗೆ ಸೇರುತ್ತಿತ್ತು, ಏಕೆಂದರೆ ಈ ಕ್ಯಾನ್ಸರ್ ದೂರಕ್ಕೆ ಹೋದರೆ ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ ಮತ್ತು ಮೂಳೆಗೆ. ಈ ಬರಹದಲ್ಲಿ ನಾನು ಯಾರಿಗಾದರೂ ಪೂರ್ತಿ ಅಂಕ ಕೊಡುವುದಾದರೆ ಅವರಿಗೆ ಕೊಡುತ್ತೇನೆ. ಸ್ಕ್ಯಾನಿಗೆ ಹೋಗುವವರಿಗೆ ನನ್ನ ಬೇಡಿಕೆ ಇಷ್ಟು: ಅಂದು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಹೋಗಿ, ಕರವಸ್ತ್ರವನ್ನು ಹೊರಗಿಟ್ಟು ಒಳಗೆ ನಡೆಯಿರಿ.

ಎದೆಯ ಚುಕ್ಕೆ ಬಟ್ಟೆ ಬದಲಿಸಿದ ಮೇಲೂ ಅಲ್ಲೇ ಇತ್ತು. ಅಷ್ಟು ಹೊತ್ತಿಗೆ ಶನಿವಾರದ ಮಧ್ಯಾಹ್ನ ಕಳೆದಿತ್ತು, ಡಾಕ್ಟರ್ ಹೊರಟುಹೋಗಿದ್ದರು. ಸೋಮವಾರ ಬನ್ನಿ, ಅವರು ನೋಡಿ ಹೇಳುತ್ತಾರೆ ಎಂದರು. ಸರಿ ಎಂದು ಮನೆಗೆ ಬಂದೆವು. ರಾತ್ರಿ ಒಂಬತ್ತೂವರೆಗೆ ಆಸ್ಪತ್ರೆಯ ಆ್ಯಪ್‌ನಿಂದ ನನ್ನ ಫೋನಿಗೆ ಸೂಚನೆ ಬಂತು: ನಿಮ್ಮ ವರದಿ ಸಿದ್ಧವಾಗಿದೆ. ತೆರೆದರೆ, ತಾತ್ಕಾಲಿಕ ವರದಿ ಎಂಬ ಶೀರ್ಷಿಕೆಯ ಕೆಳಗೆ, ಬಲ ಎದೆಯ ಮೇಲ್ಭಾಗದಲ್ಲಿ ಅಯೋಡಿನ್ ಸಂಗ್ರಹ ಕಂಡಿದೆ, ಶ್ವಾಸಕೋಶಕ್ಕೆ ಹಬ್ಬಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಅರ್ಥದ ಎರಡು ಸಾಲು. ಕೈಕಾಲು ತಣ್ಣಗಾದವು. ಅಮ್ಮ ಒಳಕೋಣೆಯಲ್ಲಿ ಒಬ್ಬರೇ ಮಲಗಿದ್ದರು, ನಿಯಮದ ಪ್ರಕಾರ ನಾನು ಬಾಗಿಲಾಚೆ ನಿಂತು ಮಾತಾಡಬೇಕಿತ್ತು. ಏನೇ ಅದು ಫೋನು ಎಂದು ಅವರು ಕೇಳಿದರು. ಏನಿಲ್ಲ, ಕರೆಂಟ್ ಬಿಲ್ಲು ಎಂದೆ. ಆ ರಾತ್ರಿಯೂ ಭಾನುವಾರವೂ ಆಸ್ಪತ್ರೆಯ ನಂಬರಿಗೆ ಎಷ್ಟು ಸಲ ಕರೆ ಮಾಡಿದರೂ ಆ ವಿಭಾಗದವರು ಯಾರೂ ಸಿಗಲಿಲ್ಲ, ಸಿಕ್ಕವರಿಗೆ ವರದಿ ಓದಲು ಬರುತ್ತಿರಲಿಲ್ಲ.

ಇದು ನನ್ನ ಮುಖ್ಯ ದೂರು, ಮತ್ತು ಇದನ್ನು ನಾನು ಆಸ್ಪತ್ರೆಗೆ ಬರೆದೂ ಕೊಟ್ಟಿದ್ದೇನೆ. ಆ ಎರಡು ಸಾಲುಗಳಲ್ಲಿ ಸುಳ್ಳೇನೂ ಇರಲಿಲ್ಲ. ಸಾಧ್ಯತೆಯನ್ನು ಅಷ್ಟರಲ್ಲೇ ತಳ್ಳಿಹಾಕುವಂತೆ ಇರಲಿಲ್ಲ ಎಂಬುದು ನಿಜ. ಆದರೆ ಅದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆದ ಪ್ರಶ್ನೆ. ಅದನ್ನು ಉತ್ತರದ ಹಾಗೆ ರೋಗಿಯ ಮನೆಗೆ, ರಾತ್ರಿ ಹೊತ್ತಿನಲ್ಲಿ, ಕೇಳಲು ಯಾರೂ ಇಲ್ಲದ ದಿನದಲ್ಲಿ ತಲುಪಿಸಬಾರದಿತ್ತು. ವರದಿ ರೋಗಿಯ ಹಕ್ಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಅದನ್ನು ವಿವರಿಸುವ ಒಂದು ದನಿಯೂ ಆ ಹಕ್ಕಿನ ಭಾಗವೇ.

ಸೋಮವಾರ ನಡೆದದ್ದು ಈ ಸೇವೆಯ ಅತ್ಯುತ್ತಮ ಭಾಗ. ಡಾಕ್ಟರ್, ಸುಮಾರು ನಲವತ್ತರ ಒಬ್ಬ ಮಹಿಳೆ, ಚಿತ್ರವನ್ನು ಪರದೆಯ ಮೇಲೆ ತೆರೆದು ಮೊದಲು ಅಮ್ಮನ ರಕ್ತ ಪರೀಕ್ಷೆ ನೋಡಿದರು. ಗುಳಿಗೆ ಕೊಡುವ ಮೊದಲು, ಟಿಎಸ್‌ಎಚ್ ಏರಿದ್ದಾಗಲೇ ತೆಗೆದ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ 2ಕ್ಕಿಂತ ಕಡಿಮೆ ಇತ್ತು, ಆ ಪರೀಕ್ಷೆಯನ್ನು ತಪ್ಪು ದಾರಿಗೆ ಎಳೆಯುವ ಪ್ರತಿಕಾಯಗಳೂ ಇರಲಿಲ್ಲ. ಥೈರೋಗ್ಲೋಬ್ಯುಲಿನ್ ಥೈರಾಯ್ಡ್ ಕೋಶ ಮಾತ್ರ ತಯಾರಿಸುವ ವಸ್ತು. ಶ್ವಾಸಕೋಶದಲ್ಲಿ ಅಂಥ ಕೋಶಗಳ ಕಾರ್ಖಾನೆ ನಡೆಯುತ್ತಿದ್ದರೆ ಅದರ ಸರಕು ರಕ್ತದಲ್ಲಿ ಸಾಮಾನ್ಯವಾಗಿ ಹೆಚ್ಚು ಕಾಣಬೇಕು, ಆದರೂ ಈ ಒಂದು ಸಂಖ್ಯೆಯನ್ನು ನಂಬಿ ನಾನು ಕೈ ಬಿಡುವುದಿಲ್ಲ ಎಂದು ಅವರು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಐದು ನಿಮಿಷ ಹೊರಗೆ ಕುಳಿತಿರಿ, ನಾನು ಅಮ್ಮನ ಜೊತೆ ಮಾತಾಡಬೇಕು ಎಂದರು.

ಐದು ನಿಮಿಷ ಇಪ್ಪತ್ತಾಯಿತು. ಮತ್ತೆ ಒಳಗೆ ಕರೆದಾಗ ಅಮ್ಮನ ಕಣ್ಣು ಒದ್ದೆಯಾಗಿದ್ದವು. 1984ರಲ್ಲಿ, ತುಮಕೂರಿನಲ್ಲಿ ಟಿಸಿಎಚ್ ಓದುತ್ತಿದ್ದಾಗ, ಅಮ್ಮನಿಗೆ ಕ್ಷಯ ಬಂದಿತ್ತು. ತಿಂಗಳುಗಟ್ಟಲೆ ಇಂಜೆಕ್ಷನ್, ಮಾತ್ರೆ ತೆಗೆದುಕೊಂಡು ಗುಣವಾಗಿತ್ತು. ಮದುವೆಯ ಮಾತು ನಡೆಯುತ್ತಿದ್ದ ಕಾಲ. ಟಿಬಿ ಎಂದು ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂದು ಅಜ್ಜಿ ದೇವರ ಮುಂದೆ ಆಣೆ ಹಾಕಿಸಿಕೊಂಡು ಬಾಯಿ ಮುಚ್ಚಿಸಿದ್ದರು. ಅಪ್ಪನಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ. ದಾಖಲಾತಿಯ ಅರ್ಜಿಯಲ್ಲಿ ಹಿಂದಿನ ಕಾಯಿಲೆಗಳು ಎಂಬ ಒಂದು ಗೆರೆಯಷ್ಟು ಜಾಗವಿತ್ತು. ಬಿಪಿ ಬಿಟ್ಟರೆ ಏನೂ ಇಲ್ಲ ಎಂದು ಅದರಲ್ಲಿ ಬರೆದವಳು ನಾನೇ, ಅಮ್ಮನನ್ನು ಕೇಳದೆ. ಇದನ್ನು ಇಲ್ಲಿ ಬರೆಯಲು ಅಮ್ಮನ ಒಪ್ಪಿಗೆ ಪಡೆದಿದ್ದೇನೆ. ನನ್ನ ಹಾಗೆ ಮುಚ್ಚಿಟ್ಟವರು ಇನ್ನೂ ಇರುತ್ತಾರೆ, ಬರಿ ಎಂದರು.

ಅದೇ ದಿನ ಸ್ಪೆಕ್ಟ್ ಸಿಟಿ ಮಾಡಿದರು. ಹಿಂದಿನ ಸ್ಕ್ಯಾನ್ ಚಪ್ಪಟೆಯಾದ ಚಿತ್ರ. ಚುಕ್ಕೆ ಚರ್ಮದಲ್ಲಿದೆಯೋ, ಪಕ್ಕೆಲುಬಿನಲ್ಲಿದೆಯೋ, ಶ್ವಾಸಕೋಶದಲ್ಲಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಇದರಲ್ಲಿ ಕ್ಯಾಮೆರಾ ದೇಹದ ಸುತ್ತ ತಿರುಗಿ ಅಯೋಡಿನ್ ಇರುವ ಜಾಗವನ್ನು ಮೂರು ಆಯಾಮದಲ್ಲಿ ಹಿಡಿಯುತ್ತದೆ, ಅದರ ಮೇಲೆ ಸಿಟಿ ಚಿತ್ರವನ್ನು ಕೂಡಿಸುತ್ತಾರೆ. ಅಯೋಡಿನ್ ಇರುವ ಕಾಂಟ್ರಾಸ್ಟ್ ಚುಚ್ಚುಮದ್ದನ್ನು ಕೊಡುವುದಿಲ್ಲ. ಅರ್ಧ ಗಂಟೆಯ ನಂತರ ಡಾಕ್ಟರ್ ನಮ್ಮಿಬ್ಬರನ್ನೂ ಪರದೆಯ ಮುಂದೆ ಕೂರಿಸಿಕೊಂಡು ಬೆರಳಿಟ್ಟು ತೋರಿಸಿದರು. ಬೂದು ಬಣ್ಣದ ಶ್ವಾಸಕೋಶದಲ್ಲಿ, ಬಲಗಡೆ ಮೇಲೆ, ಮಾಗಿದ ಗಾಯದ ಗೆರೆಗಳ ನಡುವೆ, ಹಿಗ್ಗಿ ಸಡಿಲವಾದ ನಾಲ್ಕಾರು ಶ್ವಾಸನಾಳಗಳು. ಕಿತ್ತಳೆ ಬಣ್ಣದ ಚುಕ್ಕೆ ಸರಿಯಾಗಿ ಅವುಗಳ ಮೇಲೆ ಕುಳಿತಿತ್ತು. ಗಂಟು ಇರಲಿಲ್ಲ. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ, ಹಳೆಯ ಕ್ಷಯ ಬಿಟ್ಟುಹೋಗುವ ಗುರುತುಗಳಲ್ಲಿ ಇದೂ ಒಂದು ಎಂದರು. ಹಿಗ್ಗಿದ ನಾಳಗಳಲ್ಲಿ ಕಫ ಮಡುಗಟ್ಟುತ್ತದೆ, ಉರಿಯೂತ ಇರುವೆಡೆ ರಕ್ತ ಹೆಚ್ಚು ಹರಿಯುತ್ತದೆ, ಅದರೊಂದಿಗೆ ಬಂದ ಅಯೋಡಿನ್ ಅಲ್ಲೇ ನಿಲ್ಲುತ್ತದೆ. ಕ್ಯಾಮೆರಾ ಅಯೋಡಿನ್ ಇದೆ ಎಂದಷ್ಟೇ ಹೇಳಬಲ್ಲದು, ಯಾಕಿದೆ ಎಂದು ಹೇಳಲಾರದು.

ಇಂಥ ಅನಿರೀಕ್ಷಿತ ಚುಕ್ಕೆಗಳು ಅಪರೂಪವೇನಲ್ಲ ಎಂದೂ ಅವರು ತಿಳಿಸಿದರು. ಎಳೆಯ ವಯಸ್ಸಿನವರಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ, ಮೂತ್ರಪಿಂಡದ ಅಥವಾ ಅಂಡಾಶಯದ ನೀರುಗುಳ್ಳೆ, ಗರ್ಭಕೋಶದ ಗಡ್ಡೆ, ಪಿತ್ತಕೋಶ, ವಪೆಯ ತೂತಿನಿಂದ ಮೇಲೆ ಸರಿದ ಜಠರದ ತುಣುಕು, ಇವೆಲ್ಲ ಕ್ಯಾನ್ಸರಿನ ವೇಷದಲ್ಲಿ ಕಂಡದ್ದುಂಟು. ಹಾಗೆಂದು ಎಲ್ಲ ಚುಕ್ಕೆಯೂ ನಿರುಪದ್ರವಿ ಎಂದು ಕೂರುವಂತೆಯೂ ಇಲ್ಲ. ನಿಜವಾಗಿ ಹಬ್ಬಿದ ಕ್ಯಾನ್ಸರನ್ನು ಮೊದಲು ತೋರಿಸಿಕೊಡುವುದೂ ಎಷ್ಟೋ ಬಾರಿ ಇದೇ ಸ್ಕ್ಯಾನ್. ಆದ್ದರಿಂದಲೇ ಅಮ್ಮನ ಚುಕ್ಕೆಯನ್ನು ಅವರು ಅಲ್ಲಿಗೇ ಬಿಡದೆ ಶ್ವಾಸಕೋಶ ತಜ್ಞರ ಬಳಿಗೆ ಕಳಿಸಿದರು. ಹಳೆಯ ಕ್ಷಯ ಮತ್ತೆ ಎದ್ದಿದ್ದರೂ ಅಲ್ಲಿ ಅಯೋಡಿನ್ ನಿಲ್ಲಬಹುದು ಎಂಬ ಕಾರಣಕ್ಕೆ ಕಫದಲ್ಲಿ ಕ್ಷಯದ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಾಯಿತು, ಅದು ನೆಗೆಟಿವ್ ಬಂತು. ಶನಿವಾರದ ಎರಡು ಸಾಲುಗಳನ್ನೇ ನಂಬಿ ಯಾರಾದರೂ ಮುಂದುವರಿದಿದ್ದರೆ ಅಮ್ಮನಿಗೆ ಇನ್ನೊಂದು ದೊಡ್ಡ ಡೋಸು ಬೀಳಬಹುದಿತ್ತು, ಈಗಾಗಲೇ ಊದಿಕೊಂಡು ಒಣಗಿರುವ ಜೊಲ್ಲಿನ ಗ್ರಂಥಿಗಳು ಇನ್ನಷ್ಟು ಸೊರಗುತ್ತಿದ್ದವು, ಮತ್ತು ಇಲ್ಲದ ಕ್ಯಾನ್ಸರಿನ ಹೆಸರು ಅವರ ಕಡತದಲ್ಲಿ ಬಹುಕಾಲ ಕೂರುತ್ತಿತ್ತು.

ಹಣದ ಮಾತನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಕೊಟ್ಟ ಅಂದಾಜಿನಲ್ಲಿ ಗುಳಿಗೆ, ಕೋಣೆ, ಇಡೀ ದೇಹದ ಸ್ಕ್ಯಾನ್ ಇಷ್ಟೇ ಸೇರಿದ್ದವು. ಸ್ಪೆಕ್ಟ್ ಸಿಟಿ ಬೇಕಾಗಬಹುದು, ಅದಕ್ಕೆ ಬೇರೆ ಬಿಲ್ ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾವು ಕೊಟ್ಟೆವು, ಕೊಟ್ಟದ್ದಕ್ಕೆ ಬೇಸರವಿಲ್ಲ, ಆದರೆ ಸಾಲ ಮಾಡಿ ಬಂದವರಿಗೆ ಇದು ಮೊದಲೇ ತಿಳಿದಿರಬೇಕು. ಈ ವಿಭಾಗಕ್ಕಾಗಲಿ ಬೇರೆ ಯಾವುದಕ್ಕಾಗಲಿ ಹೋಗುವವರು ಮುಂಚಿತವಾಗಿ ಕೇಳಬೇಕಾದದ್ದು ಇದನ್ನೇ: ಅನುಮಾನದ ಚುಕ್ಕೆ ಕಂಡರೆ ಸ್ಪೆಕ್ಟ್ ಸಿಟಿ ಅಲ್ಲಿಯೇ ಆಗುತ್ತದೆಯೇ, ಅಂದೇ ಆಗುತ್ತದೆಯೇ, ವರದಿಯನ್ನು ಯಾರು ಕೂರಿಸಿಕೊಂಡು ವಿವರಿಸುತ್ತಾರೆ. ಕಾಯಿಲೆಯವರ ಹಳೆಯ ಚರಿತ್ರೆಯನ್ನು ಅವರ ಬಾಯಿಂದಲೇ ಕೇಳಿ, ಸಾಧ್ಯವಾದರೆ ಮನೆಯವರಿಲ್ಲದಾಗ ಕೇಳುವಂತೆ ಡಾಕ್ಟರರಲ್ಲಿ ವಿನಂತಿಸಿ, ಕಡತದಲ್ಲಿ ಬರೆಸಿ.

ಆರು ತಿಂಗಳಿಗೆ ಥೈರೋಗ್ಲೋಬ್ಯುಲಿನ್ ಪರೀಕ್ಷೆಗೂ ಕುತ್ತಿಗೆಯ ಅಲ್ಟ್ರಾಸೌಂಡಿಗೂ ನಾವು ಅದೇ ವಿಭಾಗಕ್ಕೆ ಹೋಗುತ್ತೇವೆ. ನನ್ನ ದೂರಿಗೆ ಉತ್ತರವಾಗಿ, ರೋಗಿ ಬರೆದುಕೊಟ್ಟರೆ ಡಾಕ್ಟರ್ ಮಾತಾಡುವವರೆಗೆ ವರದಿಯನ್ನು ಆ್ಯಪ್‌ಗೆ ಹಾಕದೆ ತಡೆಹಿಡಿಯಬಹುದು ಎಂದು ಅವರು ತಿಳಿಸಿದರು. ಹಾಗೊಂದು ಅವಕಾಶವಿದೆ ಎಂದು ಮೊದಲು ಯಾರೂ ಹೇಳಿರಲಿಲ್ಲ. ಅಮ್ಮ ತಮ್ಮ ದುಂಡಗಿನ ಶಾಲಾ ಅಕ್ಷರದಲ್ಲಿ ಕನ್ನಡದಲ್ಲೇ ಆ ಅರ್ಜಿ ಬರೆದುಕೊಟ್ಟಿದ್ದಾರೆ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದ್ದಾರೆ: 1984ರಲ್ಲಿ ನನಗೆ ಕ್ಷಯವಾಗಿತ್ತು, ಬಲ ಶ್ವಾಸಕೋಶ.